ಮೊಣಕಾಲಿಗೆ ಹಚ್ಚುವ ಸಾರಾಯಿ

೧೯೯೬, ಜೂನ್ ೧೪, ಶುಕ್ರವಾರ

ಇವತ್ತು ಎರಡು ಸಂಗತಿ ನಡೆದವು. ಆ ಮನುಷ್ಯನ ಕಾಲಿನ ಪ್ಲಾಸ್ಟರ್ ಬಿಚ್ಚಿದರು. ಯಿಚಾಂಗ್ ಪಟ್ಟಣದಿಂದ ಅಕ್ಕನ ಕಾಗದ ಬಂತು.

ಪ್ಲಾಸ್ಟರಿನಿಂದ ಹೊರಬಂದ ಕಾಲು ಒಲೆಗೆ ಇಡುವ ಸೌದೆಯಂತಿತ್ತು. ಮೂಳೆ ಕೂಡಿದೆಯಂತೆ, ಮೊಣಕಾಲು ಮಾತ್ರ ಮಡಚುವುದಿಲ್ಲ. "ದಿನಾ ತಿಕ್ಕಿ, ದಿನಾ ಮಡಚಿಸಿ, ನೋಡೋಣ," ಎಂದರು ಡಾಕ್ಟರು. ಆ "ನೋಡೋಣ" ನನಗೆ ಹಿಡಿಸಲಿಲ್ಲ. ಏಪ್ರಿಲ್‌ನಲ್ಲಿ ಅರಗಿನ ಮರಕ್ಕೆ ಮೆಟ್ಟಿಲು ಕಟ್ಟುವಾಗ ಜಾರಿ ಬಿದ್ದದ್ದು. ಮದುವೆಯಾಗಿ ಇಪ್ಪತ್ತಮೂರು ವರ್ಷವಾಯಿತು. ಪ್ರತಿ ವರ್ಷ ಜೂನ್‌ನಿಂದ ಅಕ್ಟೋಬರ್‌ವರೆಗೆ ಮರ ಗೀರಿ, ಮರದ ಸಾಮಾನಿಗೆ ಮೆರುಗು ಕೊಡುವ ಹಾಲು ಇಳಿಸುತ್ತ ಕಾಡಿನ ಗುಡಿಸಲಲ್ಲೇ ಇರುತ್ತಿದ್ದ. ಬೇಸಿಗೆಯಲ್ಲಿ ಆತ ಮನೆಯಲ್ಲಿ ಕೂತಿರುವುದನ್ನು ನಾನು ನೋಡುತ್ತಿರುವುದು ಇದೇ ಮೊದಲು. ಕೂತಿದ್ದರೂ ಅಷ್ಟೇ, ಬಾಯಿ ಬಿಡುವುದಿಲ್ಲ.

ಅಕ್ಕ ಚುನ್‌ಜು ಬರೆದಿದ್ದಾಳೆ: "ಒಂಬತ್ತರ ಹಬ್ಬ ಕಳೆದ ಮೇಲೆ ಬನ್ನಿನ ಅಂಗಡಿ ತೆರೀತೀನಿ. ನೀನೂ ಬಾ, ಇಬ್ಬರೂ ಸೇರಿ ನಡೆಸೋಣ. ನಿನ್ನ ಮಗಳ ಮದುವೆ ಮುಗೀತು. ಇನ್ನು ಆ ಮರದಂಥ ಗಂಡ ಗುವಾಂಗ್‌ಲಿನ್ ಮುಂದೆ ಕೂತು ಏನು ಮಾಡ್ತೀಯಾ ದೋಂಗ್‌ಜು?"

ನಾಲ್ಕು ಸಲ ಓದಿದೆ. ಹೋಗುತ್ತೇನೆ. ಖಂಡಿತ ಹೋಗುತ್ತೇನೆ. ಆದರೆ ನಡೆಯಲಾರದವನನ್ನು ಬಿಟ್ಟು ಹೋದರೆ ಊರು ಉಗಿಯುತ್ತದೆ, ನನಗೂ ನಿದ್ದೆ ಬರುವುದಿಲ್ಲ. ಆದ್ದರಿಂದ ಮೊದಲು ಆತ ನಡೆಯಬೇಕು. ಒಂಬತ್ತರ ಹಬ್ಬದೊಳಗೆ. ಈ ವರ್ಷ ಅದು ಅಕ್ಟೋಬರ್ ಇಪ್ಪತ್ತಕ್ಕೆ, ನಾಲ್ಕು ತಿಂಗಳಿದೆ.

ತರಕಾರಿ ಹೆಚ್ಚುವಾಗ ಹೊಳೆಯಿತು. ಮೂಳೆ ಕಟ್ಟುವವನ ಮಗಳು ನಾನು. ಅಪ್ಪನ ಸಾರಾಯಿ ತಿಕ್ಕಿಸಿಕೊಂಡು ಡೋಲಿಯಲ್ಲಿ ಬಂದವರು ಕಾಲ ಮೇಲೆ ಹೋದದ್ದನ್ನು ಕಣ್ಣಾರೆ ಕಂಡವಳು. ಅದನ್ನು ನಾನೇ ಮಾಡಿದರೆ?

ಜೂನ್ ೧೬, ಭಾನುವಾರ

ಛಿನ್ ಅಣ್ಣನ ಗಿಡಮೂಲಿಕೆ ಅಂಗಡಿಗೆ ಹೋಗಿದ್ದೆ. ಅಪ್ಪನ ಒಬ್ಬನೇ ಶಿಷ್ಯ. ಅಪ್ಪ ವಿದ್ಯೆಯನ್ನೆಲ್ಲ ಅವನಿಗೆ ಕೊಟ್ಟ, ಅವನ ಬಟ್ಟೆ ಒಗೆಯುವುದನ್ನು ನನಗೆ ಕೊಟ್ಟ.

"ಅಣ್ಣ, ಅಪ್ಪನ ಸಾರಾಯಿಗೆ ಏನೇನು ಬೀಳ್ತಿತ್ತು?"

"ಅದ್ಯಾಕೆ ತಂಗಿ? ಒಂದು ಸೀಸೆ ತಗೊಂಡು ಹೋಗು. ನಾನೇ ಮಾಡಿರೋದು."

ಬಿರಡೆ ತೆಗೆದು ಮೂಸಿದೆ. "ಇದು ಅಪ್ಪನದಲ್ಲ."

"ಇಪ್ಪತ್ತು ವರ್ಷದ ಹಿಂದಿನ ವಾಸನೆ ನಿನ್ನ ಮೂಗಲ್ಲಿ ಇನ್ನೂ ಕೂತಿದೆಯೇನು?"

"ನಿನ್ನ ಮೂಗಲ್ಲಿ ಇಲ್ವಾ?"

ಅವನು ನಗಲಿಲ್ಲ. ಒಳಗೆ ಹೋಗಿ ಒಂದು ಚೀಟಿ ಬರೆದು ತಂದ. "ನಂಗೆ ಗೊತ್ತಿರೋದು ಇಷ್ಟೇ. ಕೊನೇದೊಂದನ್ನ ಗುರುಗಳು ಬಾಗಿಲು ಹಾಕ್ಕೊಂಡು ಹಾಕ್ತಿದ್ರು. ನಂಗೂ ಹೇಳ್ಲಿಲ್ಲ ಕಣಮ್ಮ. ಇಷ್ಟು ವರ್ಷ ಯಾರ ಹತ್ರಾನೂ ಇದನ್ನ ಒಪ್ಪಿಕೊಂಡಿರ್ಲಿಲ್ಲ."

ಆಮೇಲೆ ಚೀಟಿಯಲ್ಲಿ ಒಂದು ಹೆಸರಿನ ಮೇಲೆ ಬೆರಳಿಟ್ಟ. "ವತ್ಸನಾಭಿ. ಇದು ಬಿದ್ದ ಜಾಡಿಗೆ ಕೆಂಪು ಬಟ್ಟೆ ಕಟ್ಟು. ಚರ್ಮಕ್ಕೆ ಮಾತ್ರ. ಬಾಯಿಗೆ ಹೋದ್ರೆ ಆಳು ಹೋದ ಹಾಗೆ."

ದಾರಿಯುದ್ದಕ್ಕೂ ಚೀಟಿಯನ್ನು ಬಾಯಿಪಾಠ ಮಾಡುತ್ತ ಬಂದೆ. ಶಾಲೆಗೆ ಹೋಗುವ ಹುಡುಗಿಯಂತೆ.

ಜೂನ್ ೨೦, ಗುರುವಾರ. ಐದರ ಹಬ್ಬ

ಚಾಂದ್ರಮಾನದ ಐದನೆಯ ತಿಂಗಳ ಐದು. ಇವತ್ತು ಕಿತ್ತ ಸೊಪ್ಪು ಬೇರಿಗೆ ವರ್ಷದಲ್ಲೇ ಹೆಚ್ಚು ಬಲ. ಊರಿನ ಹೆಂಗಸರೆಲ್ಲ ಬಾಗಿಲಿಗೆ ಕಟ್ಟಲು ಮಾಚಿಪತ್ರೆ ಕೊಯ್ದು ಮನೆಗೆ ತಿರುಗಿದರು. ನಾನು ಮೇಲೆ ಹತ್ತಿದೆ. ಎಷ್ಟು ವರ್ಷವಾಗಿತ್ತು ಆ ಗುಡ್ಡ ಹತ್ತಿ. ಇಬ್ಬನಿಯಲ್ಲಿ ಸೊಂಟದವರೆಗೆ ನೆನೆದೆ. ಎತ್ತಿನ ಮೊಣಕಾಲು ಅನ್ನುವ ಬೇರು ಸಿಕ್ಕಿತು. ದಂಟಿನ ಗಿಣ್ಣು ನೋಡಿದರೆ ನಿಜಕ್ಕೂ ಎತ್ತಿನ ಮಂಡಿಯೇ. ಮುರಿದರೆ ಬೆಳ್ಳಿಯಂಥ ಎಳೆ ಬಿಡುವ, ಚೀಟಿಯಲ್ಲಿದ್ದ ತೊಗಟೆಯೂ ಸಿಕ್ಕಿತು. ಮುರಿದು ಎಳೆದು, ಮತ್ತೆ ಮುರಿದು ಎಳೆದು, ಬಂಡೆಯ ಮೇಲೆ ಕೂತು ಅದನ್ನೇ ಮಾಡಿದೆ. ಬೆನ್ನು, ಸೊಂಟ, ಮಂಡಿಗೆ ಇದರಷ್ಟು ಒಳ್ಳೆಯದಿಲ್ಲ ಎನ್ನುತ್ತಿದ್ದ ಅಪ್ಪ. ಮೂಳೆಗಳನ್ನು ಈ ಎಳೆಯಿಂದಲೇ ಹೊಲಿಯುತ್ತದಂತೆ.

ಕುಸುಬೆ ಹೂ, ಬೋಳದ ಅಂಟು, ಶುಂಠಿ ಪೇಟೆಯಲ್ಲಿ ತಂದೆ. ಸಾರಾಯಿ ಪಕ್ಕದ ಮನೆಯ ಲುವೊ ಅತ್ತಿಗೆಯ ಗಂಡ ಇಳಿಸಿದ ಮೊದಲ ಪಾಕದ ಜೋಳದ್ದು, ಬೆಂಕಿ ಮುಟ್ಟಿಸಿದರೆ ನೀಲಿಯಾಗಿ ಉರಿಯುವಂಥದ್ದು. ಎಲ್ಲವನ್ನೂ ಅದರಲ್ಲಿ ನೆನೆಹಾಕಿ ಜಾಡಿ ಮುಚ್ಚಿದೆ.

ಆ ಮನುಷ್ಯ ಬೆಂಚಿನ ಮೇಲೆ ಕಾಲು ನೀಟಿಕೊಂಡು ಎಲ್ಲವನ್ನೂ ನೋಡುತ್ತಿದ್ದ.

ಜುಲೈ ೩, ಬುಧವಾರ

ಜಾಡಿ ತೆರೆದು ಮೂಸಿದೆ. ಇದಲ್ಲ. ಛಿನ್ ಅಣ್ಣನದರಂತೆಯೇ ಇದೆ. ಏನೋ ಒಂದಿಲ್ಲ.

ಕಾಲನ್ನು ಬರೀ ಸಾರಾಯಿಯಲ್ಲಿ ತಿಕ್ಕುತ್ತಿದ್ದೇನೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಕೈ ಸೋಲುತ್ತದೆ. ಆ ಮನುಷ್ಯ ನೋವಿಗೆ ಹಲ್ಲು ಕಚ್ಚುತ್ತಾನೆಯೇ ಹೊರತು ಸಾಕು ಅನ್ನುವುದಿಲ್ಲ.

ಜುಲೈ ೯, ಮಂಗಳವಾರ

ಸಿಕ್ಕಿತು. ಸಿಕ್ಕಿತು.

ಸೇತುವೆ ಪಕ್ಕದ ಬಡಗಿಯ ಅಂಗಳ ದಾಟುತ್ತಿದ್ದೆ. ಒಳಗೆ ಪೈನ್ ಹಲಗೆ ಕೊಯ್ಯುತ್ತಿದ್ದರು. ಗರಗಸ ಒಂದು ಗಂಟಿಗೆ ಸಿಕ್ಕಿ ಕಿರುಗುಟ್ಟಿತು, ಬಿಸಿಯಾಯಿತು, ವಾಸನೆ ಎದ್ದಿತು. ನಡುರಸ್ತೆಯಲ್ಲಿ ನಿಂತುಬಿಟ್ಟೆ. ಅಪ್ಪನ ಕೈ. ಅಪ್ಪನ ಕೈಯ ವಾಸನೆ ಅದು.

ಆಗ ಎಲ್ಲ ನೆನಪಾಯಿತು. ನಾನು ಏಳೆಂಟು ವರ್ಷದವಳು. "ದೋಂಗ್‌ಜು, ಬಡಗಿ ಮನೆಗೆ ಹೋಗಿ ಬುಟ್ಟಿ ತುಂಬ ಗಂಟು ತಗೊಂಡು ಬಾ," ಎಂದು ಅಪ್ಪ ಕಳಿಸುತ್ತಿದ್ದ. ಒಲೆಗೆ ಅಂದುಕೊಂಡಿದ್ದೆ. ಎಂದೂ ಒಲೆಗೆ ಹಾಕಿದ್ದನ್ನು ನೋಡಿರಲಿಲ್ಲ, ಯಾಕೆ ಎಂದು ಕೇಳಿರಲೂ ಇಲ್ಲ. ಛಿನ್ ಅಣ್ಣನಿಗೂ ತೋರಿಸದ ಆ ಕೊನೆಯ ವಸ್ತುವನ್ನು ಹೊತ್ತು ತರುತ್ತಿದ್ದವಳು ನಾನೇ. ಮರದ ಗಂಟು, ಮನುಷ್ಯನ ಗಂಟಿಗೆ.

ಮಡಿಲು ತುಂಬ ಗಂಟು ಆಯ್ದು ಓಡಿಬಂದು ಬೆಂಚಿನ ಮೇಲೆ ಸುರಿದೆ. ಆ ಮನುಷ್ಯ ಒಂದೊಂದನ್ನೇ ಎತ್ತಿ ನೋಡಿದ. ಎಲ್ಲವನ್ನೂ ಪಕ್ಕಕ್ಕೆ ತಳ್ಳಿದ.

"ಇವು ಬೇಡ."

"ಯಾಕೆ?"

"ಬಿದ್ದ ಮರದ್ದು. ಎಣ್ಣೆ ಆರಿಹೋಗಿದೆ. ನಿಂತಿರೋ ಮರದ್ದು ಬೇಕು. ಕಣಿವೆ ಗಾಳಿಗೆ ಎದೆ ಕೊಟ್ಟು ನಿಂತಿರುತ್ತಲ್ಲ, ಆ ಕಡೆ ಕೊಂಬೆದು. ಗಾಳಿ ಬಗ್ಗಿಸಿ ಬಗ್ಗಿಸಿ ಅಲ್ಲಿ ಗಂಟು ಎಣ್ಣೆ ಕುಡಿದಿರುತ್ತೆ. ತಟ್ಟಿದ್ರೆ ಮಡಕೆ ಥರ ಅಲ್ಲ, ಕಲ್ಲಿನ ಥರ ಸದ್ದು ಬರಬೇಕು."

ಹೋದ ವರ್ಷ ಇಡೀ ಇಷ್ಟು ಮಾತಾಡಿರಲಿಕ್ಕಿಲ್ಲ. ಸೀಮೆಸುಣ್ಣದಲ್ಲಿ ನೆಲದ ಮೇಲೆ ದಾರಿ ಬರೆದು ತೋರಿಸಿದ. ಹಳೆಯ ಸುಣ್ಣದ ಗೂಡಿನ ಮೇಲೆ ಏಳು ಪೈನ್ ಮರ, ಎಡದಿಂದ ಮೂರನೆಯದು. ಹೋದೆ. ಮರ ಅಲ್ಲೇ ಇತ್ತು, ಹೇಳಿದ ಕಡೆಗೇ ಬಗ್ಗಿತ್ತು. ತಟ್ಟಿದೆ. ಕಲ್ಲಿನ ಸದ್ದು.

ಜುಲೈ ೧೦

ಗಂಟುಗಳನ್ನು ಕೆಂಡದಲ್ಲಿ ಬಾಡಿಸಿ ಸೀಳಿ ಹಾಕಿದೆ. ಹೊಸದಾಗಿ ಎರಡು ಜಾಡಿ. ವತ್ಸನಾಭಿ ಬಿದ್ದದ್ದಕ್ಕೆ ಕೆಂಪು ಬಟ್ಟೆ. ಇಲ್ಲದ್ದಕ್ಕೆ ನೀಲಿ. ಅದನ್ನು ಕುಡಿಯಲೂಬಹುದು. ನಲವತ್ತೊಂಬತ್ತು ದಿನ ಮುಟ್ಟುವ ಹಾಗಿಲ್ಲ. ಹೇಗೆ ಕಾಯಲಿ?

ಆಗಸ್ಟ್ ೨೮, ಬುಧವಾರ

ತೆರೆದೆ. ಗುವಾಂಗ್‌ಲಿನ್‌ಗೂ ಮೂಗಿನ ಹತ್ತಿರ ಹಿಡಿದೆ.

"ಕಾಡು," ಎಂದ ಆತ.

ಅಷ್ಟೇ. ಆದರೆ ಸರಿಯಾಗಿ ಹೇಳಿದ. ಛಿನ್ ಅಣ್ಣನನ್ನು ಕರೆಸಿದೆ. ಬಂದು ಮೂಸಿ, ಜಗಲಿಯ ಮೇಲೆ ಕೂತ. "ಗುರುಗಳು ಒಳಗಿಂದ ಎದ್ದು ಬಂದ ಹಾಗಾಯ್ತು," ಎಂದ. ಏನು ಹಾಕಿದೆ ಎಂದು ಕೇಳಲಿಲ್ಲ. ಕೇಳದೆಯೇ ಹೇಳಿದೆ. ಬಚ್ಚಿಟ್ಟುಕೊಂಡು ನಾನೇನು ಮಾಡಲಿ? ಅವನ ಕಣ್ಣು ಒದ್ದೆಯಾಯಿತು. "ಕೇಳಿದ್ದಿದ್ರೆ ನೀನು ಆಗಲೇ ಹೇಳ್ತಿದ್ದೆ. ನಾನೇ ಕೇಳ್ಲಿಲ್ಲ. ಬಟ್ಟೆ ಒಗೆಯೋ ಹುಡುಗಿ ಅಂದ್ಕೊಂಡಿದ್ದೆ," ಎಂದ.

ಕೆಂಪು ಜಾಡಿಯದನ್ನು ಬಟ್ಟಲಿಗೆ ಬಗ್ಗಿಸಿ ಬಿಸಿಮಾಡಿ ತಿಕ್ಕಿದೆ. ಚರ್ಮ ಕೆಂಪೇರಿ ಬೆವರಿತು. ಮೂಳೆಯೊಳಗೆ ಹೊಕ್ಕ ಚಳಿ ಹೀಗೆಯೇ ಹೊರಬರುವುದು. ಕಂಬಕ್ಕೆ ಸೀಮೆಸುಣ್ಣದ ಗೆರೆ ಎಳೆದೆ, ಬೆಂಚಿನ ಮೇಲೆ ಕೂತಾಗ ಹಿಮ್ಮಡಿ ನಿಲ್ಲುವ ಎತ್ತರಕ್ಕೆ. ಅದು ಇಳಿಯಬೇಕು, ನೆಲ ಮುಟ್ಟಬೇಕು.

ಸೆಪ್ಟೆಂಬರ್ ೭, ಶನಿವಾರ

ಹತ್ತು ದಿನಕ್ಕೆ ನಾಲ್ಕು ಬೆರಳು ಇಳಿದಿದೆ. ನಾಲ್ಕು ಬೆರಳು. ಎಂಥ ಸಾರಾಯಿ. ಗೆರೆ ಎಳೆಯುವಾಗ ನಾನು ಹಾಡಿಕೊಳ್ಳುತ್ತಿದ್ದೆನಂತೆ. ಗುವಾಂಗ್‌ಲಿನ್ ಹೇಳಿದ. ಯಾವ ಹಾಡು ಎಂದೆ. "ನೀನು ಮದುವೆಯಾದ ವರ್ಷ ಹಾಡ್ತಿದ್ದುದು," ಎಂದ. ಆತ ಅದನ್ನೆಲ್ಲ ಕೇಳಿಸಿಕೊಂಡಿದ್ದನೆಂದು ನನಗೇನು ಗೊತ್ತು.

ಈಗ ತಿಕ್ಕುವಾಗ ಒಂದೊಂದು ದಿನ ಒಂದೊಂದು ಮರದ ವಿಷಯ ಹೇಳುತ್ತಾನೆ. ಅರಗಿನ ಮರಕ್ಕೂ ಸಿಟ್ಟು ಬರುತ್ತದಂತೆ. ಸಿಟ್ಟು ಬಂದ ಮರ ಗೀರಿದರೆ ಕೈಯೆಲ್ಲ ಬೊಬ್ಬೆ. "ಅದಕ್ಕೆ ಮೊದಲು ಮಾತಾಡಿಸಬೇಕು," ಎಂದ. ಮರದ ಹತ್ತಿರ ಮಾತಾಡಿ ಮಾತಾಡಿ ಮನೆಗೆ ಏನೂ ಉಳಿಸುತ್ತಿರಲಿಲ್ಲ ಈ ಮುದುಕ ಎಂದು ಬೈದೆ. ಆತ ನಕ್ಕ.

ತೋಫು ಮಾಡುವ ಲುವೊ ಅತ್ತಿಗೆ ಭುಜ ಹಿಡಿದುಕೊಂಡು ಬಂದಳು. ಬೀಸುವ ಕಲ್ಲು ತಿರುಗಿಸಿ ತಿರುಗಿಸಿ ಕೀಲು ಕಟ್ಟಿದೆ. ತಿಕ್ಕಿದೆ. "ದೋಂಗ್‌ಜು, ನಿನ್ನ ಕೈಯಲ್ಲಿ ಏನೋ ಇದೆ ಕಣೆ," ಎಂದಳು. ಕೈಯಲ್ಲಲ್ಲ, ಜಾಡಿಯಲ್ಲಿ ಎಂದೆ.

ಅಕ್ಕನಿಗೆ ಬರೆದೆ: ಅಕ್ಟೋಬರ್ ಇಪ್ಪತ್ತನಾಲ್ಕರ ಗುರುವಾರದ ಬಸ್ಸಿಗೆ ಹೊರಡುತ್ತೇನೆ.

ಸೆಪ್ಟೆಂಬರ್ ೨೧, ಶನಿವಾರ. ತಾಲ್ಲೂಕು ಆಸ್ಪತ್ರೆ

ಮೂರು ದಿನ ಬರೆಯಲಿಲ್ಲ.

ಬುಧವಾರ ಮಧ್ಯಾಹ್ನ ಹೊಳೆಯಿಂದ ಬಟ್ಟೆ ಒಗೆದುಕೊಂಡು ಬಂದೆ. ಗುವಾಂಗ್‌ಲಿನ್ ಹೊಸ್ತಿಲ ಮೇಲೆ ಕೂತಿದ್ದ. ತುಟಿಯನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ.

"ತುಟಿ ಎಲ್ಲಿದೆ ಅಂತ ಗೊತ್ತಾಗ್ತಿಲ್ಲ," ಎಂದ.

ಕೆಂಪು ಬಟ್ಟೆ ಬಿಚ್ಚಿತ್ತು. ಸೌಟು ಒದ್ದೆ. ಬಟ್ಟಲು ಖಾಲಿ.

ಕೂಗಿದ ನೆನಪಿಲ್ಲ. ಲುವೊ ಅತ್ತಿಗೆ ಓಡಿಬಂದಳು, ಅವಳ ಗಂಡ ತೋಫು ಸಾಗಿಸುವ ಟಿಲ್ಲರ್ ಗಾಡಿ ತಂದ. ಗಂಟಲಿಗೆ ಬೆರಳು ಹಾಕಿ ಎರಡು ಸಲ ವಾಂತಿ ಮಾಡಿಸಿದೆ. ಗುಡ್ಡದ ದಾರಿ, ಒಂದು ತಾಸು. ಆತನ ತಲೆ ನನ್ನ ತೊಡೆಯ ಮೇಲೆ, ಮಣಿಕಟ್ಟು ನನ್ನ ಕೈಯಲ್ಲಿ. ನಾಡಿ ಓಡುತ್ತಿತ್ತು, ಎಡವುತ್ತಿತ್ತು, ನಿಲ್ಲುತ್ತಿತ್ತು. ಕಣ್ಣು ಮುಚ್ಚಲು ಬಿಡಬಾರದು ಅನ್ನಿಸಿತು.

"ಅದು ಯಾವ ಮರ? ಹೇಳು."

"ಅಕ್ರೋಟು."

"ಅದು?"

"ಚೆಸ್ಟ್‌ನಟ್… ಹುಳ ಬಿದ್ದಿದೆ."

"ಅದು? ಆ ಬಂಡೆ ಪಕ್ಕದ್ದು?"

ಉತ್ತರ ಬರಲಿಲ್ಲ. ಕೆನ್ನೆಗೆ ಹೊಡೆದೆ. ಇಪ್ಪತ್ತಮೂರು ವರ್ಷದಲ್ಲಿ ಮೊದಲ ಸಲ ಹೊಡೆದದ್ದು. "ಯಾವ ಮರ ಅದು ಗುವಾಂಗ್‌ಲಿನ್? ನಂಗೆ ಗೊತ್ತಿಲ್ಲ, ನೀನೇ ಹೇಳ್ಬೇಕು. ನೀನು ಹೇಳದಿದ್ರೆ ಇನ್ಯಾರು ಹೇಳ್ತಾರೆ?"

ತುಂಬ ಹೊತ್ತಿನ ಮೇಲೆ ತುಟಿ ಅಲುಗಿತು. "ಅರಗು," ಎಂದ.

ಆಸ್ಪತ್ರೆಯಲ್ಲಿ ಹೊಟ್ಟೆ ತೊಳೆದರು, ಚುಚ್ಚುಮದ್ದು ಕೊಟ್ಟರು, ಎದೆಗೆ ತಂತಿ ಅಂಟಿಸಿದರು. ನಿನ್ನೆ ಬೆಳಿಗ್ಗೆ ನಾಡಿ ಸರಿಯಾಯಿತು. ಇವತ್ತು ಗಂಜಿ ಕುಡಿದ. ಬದುಕಿದ. ಬದುಕಿದ ಎಂದು ಇನ್ನೊಮ್ಮೆ ಬರೆಯುತ್ತೇನೆ.

ಸೆಪ್ಟೆಂಬರ್ ೨೪, ಮಂಗಳವಾರ

ಇವತ್ತು ಕೇಳಿಯೇಬಿಟ್ಟೆ. "ಕೆಂಪು ಬಟ್ಟೆ ಕಾಣಿಸ್ಲಿಲ್ವಾ ನಿನಗೆ?"

"ಕಾಣಿಸ್ತು."

"ಮತ್ತೆ?"

ಕಿಟಕಿಯ ಕಡೆಗೆ ತಿರುಗಿದ. "ಹೊರಗಿಂದ ಹಚ್ಚಿದ್ರೇನೆ ಇಷ್ಟು ಬಗ್ಗುತ್ತೆ. ಒಳಗೂ ಹೋದ್ರೆ ಬೇಗ ಆಗುತ್ತೆ ಅಂದ್ಕೊಂಡೆ. ಒಂದು ಗುಟುಕಿಗೆ ಏನಾಗುತ್ತೆ ಅಂತ."

"ಅಷ್ಟು ಅವಸರ ಏನಿತ್ತು?"

"ಇಪ್ಪತ್ತನಾಲ್ಕಕ್ಕೆ ನೀನು ಹೊರಡ್ಬೇಕಲ್ಲ. ನನ್ನ ಕಾಲಿನಿಂದ ನಿಂಗೆ ತಡ ಆಗ್ಬಾರ್ದು."

ಅಕ್ಕನ ಕಾಗದ ಓದಿದ್ದಾನೆ. ಜೂನ್‌ನಲ್ಲೇ. ಅಕ್ಕಿ ಡಬ್ಬದ ಕೆಳಗೆ ಇಟ್ಟಿದ್ದೆ. ನಾನು ಅಕ್ಕನಿಗೆ ಬರೆದದ್ದನ್ನೂ ಅಂಚೆಗೆ ಹಾಕುವ ಮೊದಲೇ ನೋಡಿದ್ದನಂತೆ.

ನಾನು ಗಂಜಿ ಬಟ್ಟಲು ತೊಳೆಯಲು ನಲ್ಲಿಯ ಹತ್ತಿರ ಹೋದೆ. ತೊಳೆದದ್ದನ್ನೇ ಮತ್ತೆ ಮತ್ತೆ ತೊಳೆದೆ.

ಮಧ್ಯಾಹ್ನ ಡಾಕ್ಟರು ಮೊಣಕಾಲು ಮಡಚಿ ನೋಡಿ ಹುಬ್ಬೇರಿಸಿದರು. "ಯಾರು ತಿಕ್ಕಿದ್ದು? ನಾನು ಇಷ್ಟು ಅಂದ್ಕೊಂಡಿರ್ಲಿಲ್ಲ. ಇದು ನಿಮ್ಮ ಸಾರಾಯಿ ಅಲ್ಲಮ್ಮ, ನಿಮ್ಮ ಕೈ. ಮೂರು ತಿಂಗಳು ಒಂದು ದಿನಾನೂ ಬಿಡದೆ ಯಾರು ಮಾಡ್ತಾರೆ?" ಒಳ್ಳೆಯ ಮನುಷ್ಯ, ಪಾಪ. ಸಾರಾಯಿಯ ವಿಷಯ ಅವರಿಗೇನು ಗೊತ್ತು.

ಸೆಪ್ಟೆಂಬರ್ ೨೯, ಭಾನುವಾರ

ಮನೆಗೆ ಬಂದೆವು. ಮೊದಲು ಕೆಂಪು ಜಾಡಿಯನ್ನು ಹೊತ್ತು ಹಿತ್ತಲ ಆಚೆ, ಯಾರೂ ತುಳಿಯದ ಕಡೆ ಆಳವಾಗಿ ಗುಂಡಿ ತೋಡಿ ಸುರಿದೆ. ಛಿನ್ ಅಣ್ಣ ನೋಡುತ್ತ ನಿಂತಿದ್ದ.

"ಗುರುಗಳ ಸೂತ್ರ ಬದಲಾಯಿಸ್ತೀಯಾ?"

"ಬದಲಾಯಿಸಿದೆ."

"ವತ್ಸನಾಭಿ ಇಲ್ದೆ ನೋವು ಇಳಿಯಲ್ಲ."

"ಇಳಿಯದಿದ್ರೆ ಇನ್ನೊಂದು ಗಳಿಗೆ ತಿಕ್ತೀನಿ."

ಅವನು ಸಲಿಕೆ ತಗೊಂಡು ಗುಂಡಿಗೆ ಮಣ್ಣು ಎಳೆಯಲು ಕೈಹಾಕಿದ.

ಅಕ್ಟೋಬರ್ ೧೧, ಶುಕ್ರವಾರ

ನೀಲಿ ಜಾಡಿಯದೇ ಸಾಕು. ಗೆರೆ ಇಳಿಯುತ್ತಲೇ ಇದೆ. ಎಲ್ಲ ಆ ಗಂಟಿನ ಶಕ್ತಿ. ಲುವೊ ಅತ್ತಿಗೆ ಭುಜ ಗಿರ್ರನೆ ತಿರುಗಿಸಿ ಊರಿಗೆಲ್ಲ ತೋರಿಸುತ್ತಿದ್ದಾಳೆ. ಈ ವಾರ ಒಂಬತ್ತು ಜನ ಬಂದರು. ಗುವಾಂಗ್‌ಲಿನ್ ಕೂತಲ್ಲೇ ಗಂಟು ಸೀಳುತ್ತಾನೆ, ಬಂದವರಿಗೆ ಬೆಂಚು ಒರೆಸುತ್ತಾನೆ, ಯಾರದು ಯಾವ ಭುಜ ಎಂದು ನೆನಪಿಟ್ಟುಕೊಳ್ಳುತ್ತಾನೆ. ಈಗ ಆತನಿಗೆ ಬಾಯಿ ಮುಚ್ಚು ಎಂದು ನಾನೇ ಹೇಳಬೇಕಾಗುತ್ತದೆ. ಬಂದವರ ಊರಿನ ಮರಗಳನ್ನೆಲ್ಲ ವಿಚಾರಿಸುತ್ತಾನೆ.

ಅಕ್ಟೋಬರ್ ೨೦, ಭಾನುವಾರ. ಒಂಬತ್ತರ ಹಬ್ಬ

ಹಿಮ್ಮಡಿ ನೆಲ ಮುಟ್ಟಿತು. ಹಬ್ಬದ ಪದ್ಧತಿಯಂತೆ ಗುಡ್ಡ ಹತ್ತಲು ಹೊರಟೆವು, ಕೋಲಿಲ್ಲದೆ ಅರ್ಧದವರೆಗೆ ಹತ್ತಿದ. ನಾನು ಹಿಂದೆ, ಎರಡೂ ಕೈ ಚಾಚಿಕೊಂಡು. ಅಲ್ಲೇ ಕೂತು ಹಬ್ಬದ ಸೇವಂತಿಗೆ ಸಾರಾಯಿ ಕುಡಿದೆವು, ಒಂದೇ ಬಟ್ಟಲಲ್ಲಿ. ತಂದದ್ದು ಒಂದೇ. ಇನ್ನೊಂದನ್ನು ಯಾರು ಹೊರುತ್ತಾರೆ.

ನಾನು ಗೆದ್ದೆ. ಹೇಳಿದ ದಿನದೊಳಗೆ ಆತ ನಡೆದ. ಇನ್ನು ಹೊರಡಬಹುದು.

ಚೀಲ ಕಟ್ಟಿದೆ. ಏನೇನು ತಗೊಂಡು ಹೋಗಬೇಕೋ ತೋಚಲಿಲ್ಲ.

ಅಕ್ಟೋಬರ್ ೨೪, ಗುರುವಾರ

ಬಸ್ ನಿಲ್ದಾಣಕ್ಕೆ ಗುವಾಂಗ್‌ಲಿನ್ ಬಂದ. ಬೇಡವೆಂದರೂ ಚೀಲವನ್ನು ಆತನೇ ಹೊತ್ತ. ದಾರಿಯುದ್ದಕ್ಕೂ ನಾನು ಆತನ ಕಾಲನ್ನೇ ನೋಡುತ್ತಿದ್ದೆ. "ಪಾದ ಹೊರಕ್ಕೆ ಎಸೀಬೇಡ. ನೇರ ಇಡು. ಹಿಮ್ಮಡಿ ಮೊದಲು," ಎನ್ನುತ್ತಲೇ ಇದ್ದೆ. ಇನ್ನೇನೂ ಮಾತಾಡಲಿಲ್ಲ. ಏನಾದರೂ ಹೇಳಬೇಕಿತ್ತೋ ಏನೋ.

ಯಿಚಾಂಗ್ ಬಸ್ಸು ವಾರಕ್ಕೊಂದೇ, ಗುರುವಾರ. ಅದು ಬಂದು ನಿಂತಿತು. ನಾನು ಮೆಟ್ಟಿಲ ಮೇಲೆ ಕಾಲಿಟ್ಟಿದ್ದೆ. ಒಳಗಿನಿಂದ ಇಳಿಯುತ್ತಿದ್ದ ಹೆಂಗಸೊಬ್ಬಳು ಬಲಗೈಯನ್ನು ಶಾಲಿನಲ್ಲಿ ಕಟ್ಟಿಕೊಂಡಿದ್ದಳು. ಎಡಗೈಯಲ್ಲಿ ಕಂಬಿ ಹಿಡಿಯಲೋ ಬಟ್ಟೆಯ ಗಂಟು ಹಿಡಿಯಲೋ ತಿಳಿಯದೆ ಒದ್ದಾಡುತ್ತಿದ್ದಳು. ಕೂದಲು ಕೆದರಿತ್ತು.

"ಅಮ್ಮ, ಇಲ್ಲಿ ಗಂಟಿನ ಸಾರಾಯಿ ಹಚ್ಚೋ ಶ್ಯಾಂಗ್ ವೈದ್ಯರ ಮನೆ ಯಾವುದು?"

"ಶ್ಯಾಂಗ್ ವೈದ್ಯರು ನನ್ನಪ್ಪ, ತೀರಿಕೊಂಡು ಹದಿನೆಂಟು ವರ್ಷ ಆಯ್ತಲ್ಲ," ಎಂದೆ.

"ಗಂಡಸಲ್ಲ, ಹೆಂಗಸು ಅಂದ್ರು. ನಾನು ಶಾಲೇಲಿ ಅಡುಗೆ ಮಾಡೋಳು. ಎಂಟು ತಿಂಗಳಾಯ್ತು, ತಲೆ ಬಾಚ್ಕೊಳ್ಳೋಕೆ ಕೈ ಏಳಲ್ಲ. ಎರಡು ಬಸ್ಸು ಬದಲಾಯಿಸಿ ಬಂದಿದ್ದೀನಿ."

ಅವಳ ಭುಜದ ಮೇಲೆ ನನ್ನ ಕೈ ಯಾವಾಗ ಹೋಯಿತೋ. ಕೀಲು ಕಲ್ಲಾಗಿತ್ತು, ಆದರೆ ಒಳಗೆ ಒಂದು ಎಳೆ ಬಿಸಿ ಇತ್ತು. ಬಗ್ಗುತ್ತದೆ, ನನಗೆ ಗೊತ್ತು. ಡ್ರೈವರು ಹಾರ್ನ್ ಒತ್ತಿದ. "ಹತ್ತೋರು ಹತ್ತಿ, ಇಳಿಯೋರು ಇಳೀರಿ. ಬಾಗಿಲಲ್ಲೇ ಆಸ್ಪತ್ರೆ ಇಡ್ಬೇಡಿ."

ಅವಳನ್ನು ಹಿಡಿದು ಇಳಿಸಿದೆ. ಬಸ್ಸು ಹೋಯಿತು. ಪರವಾಗಿಲ್ಲ, ಮುಂದಿನ ಗುರುವಾರ ಇದ್ದೇ ಇದೆ.

ಗುವಾಂಗ್‌ಲಿನ್ ಚೀಲವನ್ನು ಮತ್ತೆ ಹೆಗಲಿಗೆ ಹಾಕಿಕೊಂಡು ಬೆಂಕಿ ಹಚ್ಚಿಡುತ್ತೇನೆಂದು ಮುಂದೆ ಹೊರಟ. ಪಾದ ನೇರ ಇಡುತ್ತಿದ್ದ.

ಅಕ್ಟೋಬರ್ ೩೦, ಬುಧವಾರ

ಅಬ್ಬಬ್ಬ ಎಂಥ ದಿನ. ಅಡುಗೆಯವಳ ಕೈ ಕಿವಿಯವರೆಗೆ ಏರಿತು. ಅವಳೇ ಬಾಚಣಿಗೆ ಹಿಡಿದು ಕಿವಿಯ ಮೇಲಿನ ಕೂದಲು ಬಾಚಿಕೊಂಡಳು. ಒಂದೇ ಗೀರು. ಬಾಚಿದವಳು ಕನ್ನಡಿ ಮುಂದೆ ಕೂತು ಅತ್ತಳು, ಲುವೊ ಅತ್ತಿಗೆಯೂ ಅತ್ತಳು. ನನಗೆ ಅಳಲು ಹೊತ್ತಿರಲಿಲ್ಲ, ಹೊರಗೆ ಇನ್ನೂ ನಾಲ್ವರು ಕೂತಿದ್ದರು.

ನೀಲಿ ಜಾಡಿ ತಳ ಕಾಣುತ್ತಿದೆ. ದೊಡ್ಡ ಜಾಡಿಯೇ ಬೇಕು, ಈ ಸಲ ಒಂದು ವರ್ಷ ನೆನೆಯಲು ಬಿಡುವುದು. ವರ್ಷದ ಸಾರಾಯಿಯ ಮುಂದೆ ನಲವತ್ತೊಂಬತ್ತು ದಿನದ್ದು ನೀರು ಎನ್ನುತ್ತಿದ್ದ ಅಪ್ಪ. ವಾರಕ್ಕೊಮ್ಮೆ ಕಲಕಬೇಕು, ಚಳಿಗಾಲದಲ್ಲಿ ಹುಲ್ಲು ಹೊದಿಸಬೇಕು. ಛಿನ್ ಅಣ್ಣ ಜಾಡಿ ಕೊಡುತ್ತೇನೆಂದಿದ್ದಾನೆ. ಬೆಳಿಗ್ಗೆ ಬೇಗ ಎದ್ದು ಸುಣ್ಣದ ಗೂಡಿನ ಹತ್ತಿರ ಹೋಗಬೇಕು. ಎಡದಿಂದ ಐದನೆಯ ಮರದಲ್ಲಿ ಇನ್ನೂ ಒಳ್ಳೆಯ ಗಂಟು ಇದೆಯಂತೆ, ಈ ಸಲ ಗುವಾಂಗ್‌ಲಿನ್ ತಾನೂ ಬರುತ್ತಾನಂತೆ.

ಸಂಜೆ ಬೀನ್ಸ್ ಬಿಡಿಸುತ್ತ ಅದನ್ನೇ ಹೇಳುತ್ತಿದ್ದೆ. ಗುವಾಂಗ್‌ಲಿನ್ ಎದ್ದು ಗೋಡೆಯ ಗೂಟದಲ್ಲಿದ್ದ ಚೀಲ ನೋಡಿದ. "ನಾಳೆ ಬಸ್ಸಿಗೆ ಇದನ್ನ ಇಳಿಸಿಡ್ಲಾ?" ಎಂದ.

"ಯಾವ ಬಸ್ಸು?" ಎಂದೆ.

ಆತ ಗೋಡೆಗೆ ಒರಗಿ ನಗಲು ಶುರುಮಾಡಿದ. ಯಾಕೆ ನಗುತ್ತಿದ್ದಾನೆಂದು ಕೇಳೋಣವೆಂದರೆ ಹೊರಗೆ ಯಾರೋ ಬಾಗಿಲು ತಟ್ಟಿದರು.